ಕಡಲು ಕಾಣದ ಸೀಮೆಯ ಶಂಖ

ಕೊಳ್ಳೇಗಾಲದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರು ಮೈಲಿಗೆ ಕಡಮೆಯಿಲ್ಲ. ಹತ್ತಿರದಲ್ಲಿ ಸಮುದ್ರವೆಂಬ ಹೆಸರು ಹೊತ್ತಿರುವುದು ಶಿವನಸಮುದ್ರ. ಅದಾದರೋ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಹೀಗಿದ್ದೂ ಶ್ರಾವಣದ ಶನಿವಾರ ಬೆಳಗ್ಗೆ ಬಾಗಿಲಲ್ಲಿ ದಾಸಯ್ಯ ಬಂದು ನಿಂತಾಗ ಈ ಸೀಮೆಯ ಮನೆಗಳಲ್ಲಿ ಮೊದಲು ಕೇಳಿಬರುತ್ತಿದ್ದುದು ಸಮುದ್ರದ ತಳದಲ್ಲಿ ಹರಿದಾಡುವ ಒಂದು ಜೀವಿಯ ಮನೆಯ ದನಿ. ಆ ಮನೆ ಇಲ್ಲಿಗೆ ಹೇಗೆ ಬಂದಿತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಬಿಳಿಗಿರಿರಂಗನ ಒಕ್ಕಲಿನವರಲ್ಲಿ ಮುದ್ರೆ ಹಾಕಿಸಿಕೊಂಡು ದಾಸಯ್ಯನಾಗುವ ಪದ್ಧತಿಯುಂಟು. ಒಂದು ಕೈಯಲ್ಲಿ ಶಂಖ, ಇನ್ನೊಂದರಲ್ಲಿ ಜಾಗಟೆ, ಜೊತೆಗೆ ಭವನಾಸಿ, ದೀಪ ಉರಿಯುವ ಗರುಡಗಂಬ. ಅಪ್ಪನ ಶಂಖ ಮಗನಿಗೆ ಬರುತ್ತದೆ. ಊದಿ ಊದಿ ಅದರ ಬಾಯಿ ಸವೆದು ನುಣುಪಾಗಿರುತ್ತದೆ. ಹರಿಸೇವೆಗೂ ಅದೇ ಶಂಖ, ಸಾವಿನ ಮನೆಗೂ ಅದೇ ಶಂಖ. ಪೂರ್ವಕ್ಕೆ ಹನೂರಿನ ಕಡೆ ಸರಿದು ಮಲೆ ಮಾದಪ್ಪನ ಬೆಟ್ಟದ ಹಾದಿ ಹಿಡಿದಿರೋ, ದನಿಯೇ ಬೇರೆ: ಅಲ್ಲಿ ದೇವರಗುಡ್ಡರ ಕಂಸಾಳೆ. ರಂಗಪ್ಪನಿಗೆ ಕಡಲ ಚಿಪ್ಪು, ಮಾದಪ್ಪನಿಗೆ ಕಂಚು. ಎರಡು ಬೆಟ್ಟಗಳ ನಡುವೆ ಜನ ಇಬ್ಬರಿಗೂ ಒಕ್ಕಲು.

ಶಂಖ ಎಂದೊಡನೆ ನಮಗೆ ಎಲ್ಲ ಸುರುಳಿ ಚಿಪ್ಪುಗಳೂ ಒಂದೇ. ಪ್ರಾಣಿಶಾಸ್ತ್ರದವರು ಒಪ್ಪುವುದಿಲ್ಲ. ನಮ್ಮ ಪೇಟ ಸುತ್ತಿದಂತೆ ಗುಂಡಗೆ, ಮೇಲಕ್ಕೆ ಕಿರಿದಾಗುತ್ತ ಹೋಗುವ ಒಂದು ಕುಲದ ಶಂಬುಕಗಳಿವೆ. 1758ರಲ್ಲಿ ಲಿನೇಯಸ್ ಅವಕ್ಕೆ ಟರ್ಬೋ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಬುಗುರಿ, ಸುಳಿ ಎಂಬ ಅರ್ಥ. ಬಂಡೆಗೆ ಅಂಟಿದ ಪಾಚಿ ತಿಂದು ಬದುಕುವ ಪ್ರಾಣಿ ಇದು. ಒಳಗೆ ಸರಿದುಕೊಂಡಾಗ ಸುಣ್ಣದ ಗಟ್ಟಿ ಬಿಲ್ಲೆಯೊಂದನ್ನು ಬಾಗಿಲಂತೆ ಮುಚ್ಚಿಕೊಳ್ಳುತ್ತದೆ. ಅದರ ಚಿಪ್ಪಿನ ಒಳಮೈ ಮುತ್ತಿನಂತೆ ಹೊಳೆಯುವುದರಿಂದ ಹಿಂದಿನವರ ಅಂಗಿಗಳ ಹೊಳೆಯುವ ಗುಂಡಿಗಳಲ್ಲಿ ಹಲವು ಇದರಿಂದಲೂ ಇದರ ನಂಟ ಟ್ರೋಕಸ್ ಚಿಪ್ಪಿನಿಂದಲೂ ಕೊರೆದವು. ಎರಡನೆಯ ಮಹಾಯುದ್ಧಕ್ಕೆ ಮೊದಲು ಜಪಾನೀ ದೋಣಿಗಳು ಅಂಡಮಾನಿನವರೆಗೂ ಬಂದು ಇವನ್ನು ಬಾಚುತ್ತಿದ್ದವು. ಈ ಕುಲದ ಅತಿ ದೊಡ್ಡದನ್ನು 2001ರಲ್ಲಿ ನಮ್ಮ ಸರಕಾರ ವನ್ಯಜೀವಿ ಕಾನೂನಿನ ರಕ್ಷಣೆಯ ಪಟ್ಟಿಗೆ ಸೇರಿಸಬೇಕಾಯಿತು.

ದಾಸಯ್ಯನ ಶಂಖ ಇದಲ್ಲ. ಅದರ ಹೆಸರು ಟರ್ಬಿನೆಲ್ಲ ಪೈರಮ್. ಹೆಸರಿನಲ್ಲಿ ಟರ್ಬೋವಿನ ನೆರಳಿದ್ದರೂ ನಡತೆ ಬೇರೆ: ಇದು ಮರಳಿನಲ್ಲಿ ಹುದುಗಿರುವ ಹುಳುಗಳನ್ನು ಹಿಡಿದು ತಿನ್ನುವ ಬೇಟೆಗಾರ. ಒಳಗೆ ಮುತ್ತಿನ ಹೊಳಪಿಲ್ಲ, ಪಿಂಗಾಣಿಯ ಬಿಳುಪು. ಸಮುದ್ರದಿಂದ ತೆಗೆದಾಗ ಆ ಬಿಳುಪೂ ಕಾಣುವುದಿಲ್ಲ. ಮೇಲೆಲ್ಲ ಕಂದು ಬಣ್ಣದ ಒರಟು ಸಿಪ್ಪೆ. ಅದನ್ನು ಉಜ್ಜಿ ತೆಗೆದು, ಸುರುಳಿಯ ತುದಿ ಕತ್ತರಿಸಿದರೆ ಊದುವ ಬಾಯಿ ಸಿದ್ಧ. ತುಟಿಯ ನಡುಕ ಒಳಗಿನ ಸುತ್ತುಗಳಲ್ಲಿ ಅಗಲವಾಗುತ್ತ ಬಂದು ದೊಡ್ಡ ದನಿಯಾಗಿ ಹೊರಬೀಳುತ್ತದೆ. ಕಹಳೆಯದೂ ಇದೇ ಕೆಲಸ.

ಈ ಶಂಖಗಳ ದೊಡ್ಡ ನೆಲೆ ತೂತ್ತುಕುಡಿ, ರಾಮನಾಥಪುರಗಳ ಎದುರಿನ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ. ಆರನೆಯ ಶತಮಾನದ ಗ್ರೀಕ್ ಪ್ರವಾಸಿ ಕಾಸ್ಮಸ್ ತನ್ನ ಗ್ರಂಥದಲ್ಲಿ ಆ ತೀರದಿಂದ ಹೊರಹೋಗುತ್ತಿದ್ದ ಶಂಖಗಳನ್ನು ಹೆಸರಿಸಿದ್ದಾನೆ. ಅದಕ್ಕೂ ಎರಡು ಮೂರು ಸಾವಿರ ವರ್ಷ ಹಿಂದೆ, ಸಿಂಧೂ ನಾಗರಿಕತೆಯ ಕಾಲದಲ್ಲಿ, ಗುಜರಾತಿನ ನಾಗೇಶ್ವರದಂತಹ ಕಡಲ ಊರುಗಳಲ್ಲಿ ಇದೇ ಜಾತಿಯ ಶಂಖ ಕೊಯ್ದು ಬಳೆ ಮಾಡುತ್ತಿದ್ದರು. ತೂತ್ತುಕುಡಿಯಲ್ಲಿ ಮುಳುಗಿ ಶಂಖ ತೆಗೆಯುತ್ತಿದ್ದವರು ಪರವರು. 1530ರ ದಶಕದಲ್ಲೇ ಕ್ರೈಸ್ತರಾದವರು. ಕೀಳಕ್ಕರೆಯ ಕಡೆ ಮುಸಲ್ಮಾನ ಮುಳುಗುಗಾರರು. ಒಂದು ಉಸಿರಿನಲ್ಲಿ ಎಂಟು ಹತ್ತು ಮಾರು ಇಳಿದು, ಮರಳು ತಡಕಿ, ಸೊಂಟದ ಬಲೆಚೀಲ ತುಂಬಿ ಮೇಲೆ ಬರಬೇಕು. ರಂಗನಾಥನ ಬಾಗಿಲಲ್ಲಿ ಊದುವ ಶಂಖ ಮೊದಲು ಈ ಕೈಗಳಲ್ಲಿ ಇದ್ದದ್ದು.

ಈ ವ್ಯಾಪಾರ ಬಿಟ್ಟುಕೊಡಲು ಯಾವ ಸರಕಾರಕ್ಕೂ ಮನಸ್ಸಿರಲಿಲ್ಲ. ಪೋರ್ಚುಗೀಸರು, ಡಚ್ಚರು, ಕಡೆಗೆ ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಅದರ ಮೇಲೆ ಹಿಡಿತ ಇಟ್ಟುಕೊಂಡರು. ಸಿಕ್ಕಿದ ಶಂಖದಲ್ಲಿ ಬಹುಪಾಲು ದೇವಸ್ಥಾನಕ್ಕೆ ಹೋಗುತ್ತಿರಲಿಲ್ಲ, ಹಡಗು ಹತ್ತಿ ಬಂಗಾಳಕ್ಕೆ ಹೋಗುತ್ತಿದ್ದಿತು. ಅಲ್ಲಿನ ಮುತ್ತೈದೆಯರಿಗೆ ಬಿಳಿಯ ಶಂಖದ ಬಳೆ ನಮ್ಮವರಿಗೆ ತಾಳಿ ಇದ್ದಂತೆ. ಢಾಕಾದ ಶಂಖಾರಿಗಳು ಅರ್ಧಚಂದ್ರದಂತಹ ದೊಡ್ಡ ಗರಗಸದಿಂದ ಒಂದೊಂದು ಶಂಖವನ್ನೂ ಬಳೆ ಬಳೆಯಾಗಿ ಕೊಯ್ಯುತ್ತಿದ್ದರು. ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1914ರಲ್ಲಿ ಇದನ್ನೆಲ್ಲ ಕುರಿತು ಒಂದು ದೊಡ್ಡ ಪುಸ್ತಕವನ್ನೇ ಬರೆದ. ಸರಕಾರಿ ವರದಿಯೊಂದು ಇಷ್ಟು ಸ್ವಾರಸ್ಯವಾಗಿರಬಹುದೆಂದು ಅದನ್ನು ನೋಡುವ ತನಕ ನಾನು ನಂಬಿರಲಿಲ್ಲ. ಎಳೆಯ ಶಂಖ ಉಳಿಯಲೆಂದು ತೂತು ಕೊರೆದ ಹಲಗೆಯಲ್ಲಿ ಅವನ್ನು ಅಳೆಯುತ್ತಿದ್ದರು. ತೂತಿನಲ್ಲಿ ತೂರಿದ್ದು ಮತ್ತೆ ಸಮುದ್ರಕ್ಕೆ.

ಇನ್ನು ನಮ್ಮ ಸೀಮೆಗೆ ಬರೋಣ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ, ಹನೂರುಗಳು ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರ ತನಕ ಕೊಳ್ಳೇಗಾಲದ ಕನ್ನಡಿಗ ಮದರಾಸಿಗೇ ಕಂದಾಯ ಕಟ್ಟಿದ. ಎಂದರೆ, ಅವನಿಗೆ ಪಟ್ಟೆ ಕೊಟ್ಟ ಸರಕಾರವೇ ತೂತ್ತುಕುಡಿಯಲ್ಲಿ ಶಂಖದ ಯಜಮಾನ. ಹತ್ತು ಹನ್ನೆರಡು ಮೈಲಿ ಆಚೆಯ ಯಳಂದೂರಿನ ಮಾತು ಬೇರೆ. ಅದು ಮೈಸೂರಿನೊಳಗಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತು. ಒಂದೇ ಬೆಟ್ಟದ ರಂಗಪ್ಪನ ದಾಸಯ್ಯರು ಎರಡು ರಾಜ್ಯಗಳ ಪ್ರಜೆಗಳು! ಕೊಳ್ಳೇಗಾಲದ ದಾಸಯ್ಯನದು ಸ್ವಂತ ಸರಕಾರದ ಶಂಖ, ಯಳಂದೂರಿನವನದು ಪರದೇಶದ್ದು. ಊದಿದರೆ ದನಿಯಲ್ಲಿ ವ್ಯತ್ಯಾಸವೇನೂ ಇರಲಿಲ್ಲವೆನ್ನಿ.

ದಾರಿ ಯಾವುದು? ಕೊಳ್ಳೇಗಾಲದಿಂದ ಹನೂರು, ಮಾರ್ಟಳ್ಳಿಗಳ ಮೇಲೆ ಹಾದು ಕಾವೇರಿಪುರದ ಘಟ್ಟ ಇಳಿಯುವ ಹಳೆಯ ಹಾದಿಯೊಂದಿದೆ. 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಕೊಯಮತ್ತೂರಿನ ಕಡೆಗೆ ಇಳಿದದ್ದು ಈ ಹಾದಿಯಲ್ಲೇ. ಕೆಳನಾಡಿನ ಸರಕು ಎತ್ತಿನ ಬೆನ್ನೇರಿ ಮೇಲಕ್ಕೆ ಬರುತ್ತಿದ್ದ ದಾರಿ ಇದಾದ್ದರಿಂದ ಉಪ್ಪಿನ ಹೇರಿನ ಜೊತೆ ಶಂಖವೂ ಹೀಗೆಯೇ ಬಂದಿರಬೇಕೆಂದು ನನ್ನ ಊಹೆ. ತಮಿಳು ಸೀಮೆಯ ಕ್ಷೇತ್ರಗಳಿಗೆ ಹೋದ ಯಾತ್ರಿಕರ ಗಂಟಿನಲ್ಲೂ ಕೆಲವು ಬಂದಿರಬಹುದು. ಶಿವನಸಮುದ್ರದಲ್ಲಿ ಮಲಗಿರುವವನು ಮಧ್ಯರಂಗ, ಕೆಳಗೆ ಶ್ರೀರಂಗದಲ್ಲಿರುವವನು ಅಂತ್ಯರಂಗ; ಒಂದೇ ಹೊಳೆಯ ದಂಡೆ.

ಶಿಲ್ಪಿಗಳ ವಿಷಯ ಹೇಳದಿದ್ದರೆ ತಪ್ಪಾದೀತು. ಹೊಳೆಯ ಆಚೆ ಸೋಮನಾಥಪುರದ ಕೇಶವ ದೇವಾಲಯ 1268ರ ಸುಮಾರಿನದು. ವಿಷ್ಣುವಿನ ಇಪ್ಪತ್ನಾಲ್ಕು ಮೂರ್ತಿಗಳನ್ನು ಒಂದರಿಂದೊಂದು ಬೇರೆಮಾಡುವುದು ಶಂಖ, ಚಕ್ರ, ಗದೆ, ಪದ್ಮಗಳು ಯಾವ ಯಾವ ಕೈಯಲ್ಲಿವೆ ಎಂಬುದೊಂದೇ. ಶಂಖ ಕೈ ಬದಲಾಯಿಸಿದರೆ ಕೇಶವ ಹೋಗಿ ಬೇರೊಬ್ಬ ಬಂದಾನು. ಬಹುಶಃ ಕಡಲನ್ನೇ ಕಾಣದವರು ಕಡೆದ ಶಂಖಗಳು ಅವು. ಯಳಂದೂರಿನ ಗೌರೀಶ್ವರ ದೇವಾಲಯ ಹದಿನಾಡಿನ ಒಡೆಯರ ಕಾಲದ್ದು. ಅದರ ಮಹಾದ್ವಾರದಲ್ಲಿ ಕಲ್ಲಿನಲ್ಲೇ ಕಡೆದು ಕೋದ ಬಳೆಗಳ ಸರಪಣಿ ತೂಗುವುದರಿಂದ ಜನ ಅದನ್ನು ಬಳೆಮಂಟಪ ಎನ್ನುತ್ತಾರೆ. ಶಂಖಾರಿ ಚಿಪ್ಪಿನಲ್ಲಿ ಕೊಯ್ದದ್ದನ್ನು ನಮ್ಮವನು ಬಂಡೆಯಲ್ಲಿ ಬಿಡಿಸಿದ. ಸಂಬಂಧವೇನೂ ಇಲ್ಲ, ಎರಡನ್ನೂ ನೋಡಿದವನಿಗೆ ನೆನಪಾಗುತ್ತದೆ, ಅಷ್ಟೆ.

ಕಡೆಯದಾಗಿ ಬಲಮುರಿಯ ಮಾತು. ಇದರಲ್ಲಿ ನಿಮ್ಮ ಹಣದ ಪ್ರಶ್ನೆಯೂ ಇದೆ. ಸಾಧಾರಣ ಶಂಖದ ಸುರುಳಿಯ ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಬಾಯಿ ಬಲಕ್ಕೆ ಬರುತ್ತದೆ. ಪ್ರಾಣಿಶಾಸ್ತ್ರ ಇದನ್ನೇ ಬಲಸುತ್ತು ಎನ್ನುತ್ತದೆ. ನಮ್ಮ ಹಿರಿಯರು ಬಾಲ ಮೇಲೆ ಮಾಡಿ ನೋಡಿದ್ದರಿಂದ ಅವರಿಗೆ ಅದು ಎಡಮುರಿ. ಶಾಸ್ತ್ರಜ್ಞರ ಎಡಸುತ್ತೇ ನಮ್ಮ ಬಲಮುರಿ, ದಕ್ಷಿಣಾವರ್ತ. ಅಂತಹದು ಸಿಗುವುದು ಬಹು ಅಪರೂಪ. ಸಿಕ್ಕಿದ ದೋಣಿಗೆ ಹಬ್ಬ. ಹಾಗಿರುವಾಗ ಜಾತ್ರೆಯಲ್ಲೂ ಅಂಗಡಿಯಲ್ಲೂ ಬಲಮುರಿ ಶಂಖಗಳ ಸಾಲು ಕಂಡರೆ ಅನುಮಾನಪಡಿ. ಅಮೆರಿಕದ ಕರಾವಳಿಯಲ್ಲಿ ಬೇರೊಂದು ಜಾತಿಯ ಚಿಪ್ಪು ಹುಟ್ಟಿನಿಂದಲೇ ಆ ಕಡೆಗೆ ಸುತ್ತುತ್ತದೆ, ರಾಶಿಗಟ್ಟಲೆ ಸಿಗುತ್ತದೆ. ಅದನ್ನೇ ತಂದು ದಕ್ಷಿಣಾವರ್ತವೆಂದು ಮಾರುವವರಿದ್ದಾರೆ. ಮಗಳ ಮದುವೆಗೆ ಕೂಡಿಟ್ಟ ದುಡ್ಡನ್ನು ಹೀಗೆ ಕಳೆದುಕೊಂಡವರೊಬ್ಬರನ್ನು ನಾನು ಬಲ್ಲೆ. ಅವರ ಶಂಖ ಇಂದೂ ಪೂಜೆಯ ಪೆಟ್ಟಿಗೆಯಲ್ಲಿದೆ; ನಿಜ ಹೇಳುವ ಧೈರ್ಯ ನನಗಾಗಲಿಲ್ಲ.

ಪರೀಕ್ಷೆ ಸುಲಭ. ಬಾಯಿಯೊಳಗೆ ಇಣುಕಿ ನಡುಗಂಬವನ್ನು ನೋಡಿ. ನಿಜವಾದ ಶಂಖದಲ್ಲಿ ಅದರ ಮೇಲೆ ಅಡ್ಡಡ್ಡಲಾಗಿ ಮೂರು ನಾಲ್ಕು ಮಡಿಕೆಗಳೆದ್ದಿರುತ್ತವೆ, ಬೆರಳಿಟ್ಟರೆ ತಿಳಿಯುತ್ತದೆ. ಅಮೆರಿಕದ್ದರಲ್ಲಿ ಆ ಕಂಬ ನುಣುಪು. ಮನೆಯಲ್ಲಿ ತಾತನ ಕಾಲದ ಶಂಖವಿದ್ದರೆ ಇಂದೇ ತೆಗೆದು ನೋಡಿ. ಅದು ಎಡಮುರಿಯೇ ಆಗಿರುತ್ತದೆ. ಒಳಗೆ ಆ ಮಡಿಕೆಗಳೂ ಇರುತ್ತವೆ.