ಕಿರಮಂಜಿ: ಸತ್ಯವೇದದ ಕೆಂಪಿನ ಅರ್ಥವಿಚಾರ

ಕರಾವಳಿಯಿಂದ ಹುಲಿಕಲ್ ಘಾಟಿಯನ್ನೇರಿ ಬರುವವರಿಗೆ ಹೊಸನಗರ ಸೀಮೆಯ ಆರಂಭದಲ್ಲಿಯೇ ದೊರೆಯುವ ಮಾಸ್ತಿಕಟ್ಟೆಯು, ಮಹಾಸತಿಯೊಬ್ಬಳ ಸ್ಮರಣೆಯನ್ನು ಹೆಸರಿನಲ್ಲಿಯೇ ಹೊತ್ತುಕೊಂಡು, ವಾರಾಹಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ ನಾನಾ ಕಡೆಯ ನಾನಾ ಮತದ ಜನರನ್ನು ತನ್ನೊಡಲಿಗೆ ಸೇರಿಸಿಕೊಂಡ ಊರು. ಮಳೆಗಾಲದಲ್ಲಿ ಇಲ್ಲಿಯ ಹಾದಿಗಳಲ್ಲಿ ಹರಿಯುವ ನೀರು ಕೆಂಪು. ಮನೆಯ ಗೋಡೆಗೆ ಬಳಿಯುವ ಕೆಮ್ಮಣ್ಣು ಕೆಂಪು. ಕೊಯ್ಲಿನ ದಿನಗಳಲ್ಲಿ ಹಂಡೆಯಲ್ಲಿ ಕುದಿಯುವ ಅಡಿಕೆಯ ಚೊಗರೂ ಕೆಂಪು. ಈ ಮೂರು ಕೆಂಪುಗಳಲ್ಲಿ ಮೊದಲಿನದು ತಾನಾಗಿಯೇ ತಿಳಿಯಾಗುವುದು, ಎರಡನೆಯದನ್ನು ವರ್ಷಕ್ಕೊಮ್ಮೆ ಹೊಸದಾಗಿ ಬಳಿಯಬೇಕಾಗುವುದು, ಮೂರನೆಯದಾದ ಚೊಗರಿನ ಕಲೆಯಾದರೋ ಬಟ್ಟೆಗೆ ಒಮ್ಮೆ ಹತ್ತಿದರೆ ಬಟ್ಟೆಯು ಹರಿಯುವವರೆಗೂ ಬಿಡಲಾರದು. ಯೆಶಾಯ ಪ್ರವಾದಿಯು ತನ್ನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಮನುಷ್ಯನ ಪಾಪವನ್ನು ಕೆಂಪು ಬಣ್ಣಕ್ಕೂ ಅದರ ಪರಿಹಾರವನ್ನು ಬಿಳಿಯ ಉಣ್ಣೆಗೂ ಹೋಲಿಸಿ ಹೇಳಿದ ಮಾತನ್ನು ಓದಿದಾಗಲೆಲ್ಲ, ಆ ಮಹಾನುಭಾವನ ಮನಸ್ಸಿನಲ್ಲಿದ್ದ ಕೆಂಪು ಇವುಗಳಲ್ಲಿ ಯಾವ ಜಾತಿಯದಾಗಿದ್ದಿರಬಹುದೆಂಬ ಪ್ರಶ್ನೆಯು ನನ್ನಲ್ಲಿ ಏಳುತ್ತಿದ್ದಿತು. ಅದು ನೆತ್ತರಿನ ಕೆಂಪೆಂದು ನಮ್ಮಲ್ಲಿ ಹಲವರ ಭಾವನೆ. ಚೊಗರಿನ ಜಾತಿಯ ಕೆಂಪೆಂದು ಈಗ ನನ್ನ ನಂಬಿಕೆ.

ಈ ಸೀಮೆಗೆ ಕ್ರೈಸ್ತಧರ್ಮದ ಪರಿಚಯವು ಹೊಸತಲ್ಲ. ಇಲ್ಲಿಗೆ ಸಮೀಪದ ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ಚೆನ್ನಮ್ಮಾಜಿಯ ಕಾಲದಲ್ಲಿ, 1678ರ ಒಪ್ಪಂದದ ಮೂಲಕ, ಮಿರ್ಜಾನ್, ಹೊನ್ನಾವರ, ಕಲ್ಯಾಣಪುರ ಮೊದಲಾದೆಡೆಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಪೋರ್ಚುಗೀಸರಿಗೆ ಅನುಮತಿಯು ದೊರೆತಿದ್ದಿತು. ತೀರ್ಥಹಳ್ಳಿಯ ಕಾಡುಹಾದಿಗಳಲ್ಲಿ ಸುವಾರ್ತೆಯನ್ನು ಹೊತ್ತು ತಿರುಗುತ್ತಿದ್ದ ಉಪದೇಶಿಯ ಚಿತ್ರವನ್ನು ಕುವೆಂಪು ಅವರು 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬರೆದಿಟ್ಟಿರುವರು. 1988ರಿಂದ ಶಿವಮೊಗ್ಗವೇ ಕಥೋಲಿಕರ ಒಂದು ಧರ್ಮಕ್ಷೇತ್ರವಾಗಿದೆ. ಆದುದರಿಂದ ಸತ್ಯವೇದದ ಒಂದು ಬಣ್ಣವನ್ನು ಮಲೆನಾಡಿನ ಕಣ್ಣಿನಿಂದ ನೋಡುವುದು ಅನುಚಿತವಾಗಲಾರದು.

ಹೀಬ್ರೂ ಭಾಷೆಯಲ್ಲಿ ಕೆಂಪಿಗೆ ಮುಖ್ಯವಾಗಿ ಎರಡು ಮಾತುಗಳಿರುವುವು. ಒಂದು ‘ಆದೋಮ್’. ಮಣ್ಣು ಎಂಬರ್ಥದ ‘ಆದಾಮಾ’, ಮನುಷ್ಯನೆಂಬರ್ಥದ ‘ಆದಾಮ್’, ರಕ್ತವೆಂಬರ್ಥದ ‘ದಾಮ್’ ಇವೆಲ್ಲವೂ ಧ್ವನಿಯಲ್ಲಿ ಅದರ ಬಂಧುಗಳು. ಕೆಂಪು ಮಣ್ಣಿನಿಂದ ಮಾಡಲ್ಪಟ್ಟುದರಿಂದಲೇ ಮೊದಲ ಮನುಷ್ಯನಿಗೆ ಆ ಹೆಸರಾಯಿತೆಂದು ಮೊದಲನೆಯ ಶತಮಾನದ ಇತಿಹಾಸಕಾರನಾದ ಜೋಸೆಫಸನು ಬರೆದಿದ್ದಾನೆ. ಏಸಾವನು ಜ್ಯೇಷ್ಠತ್ವವನ್ನೇ ಮಾರಿ ಕೊಂಡ ಕೆಂಪು ಗುಗ್ಗರಿಯ ಅಡುಗೆ, ಅರಣ್ಯಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬೂದಿಗಾಗಿ ಸುಡಲ್ಪಡುವ ಕೆಂಪು ಆಕಳು, ಜೆಕರ್ಯನ ದರ್ಶನದ ಕೆಂಪು ಕುದುರೆ, ಬಾಲಕ ದಾವೀದನ ಮೈಬಣ್ಣ, ಪರಮಗೀತದ ಪ್ರಿಯನ ಕಾಂತಿ ಎಲ್ಲಕ್ಕೂ ಈ ಕುಲದ ಮಾತೇ ಸಲ್ಲುವುದು. ಬೇಳೆ, ಆಕಳು, ಕುದುರೆ, ಮನುಷ್ಯನ ಮೈ ಇವೆಲ್ಲವೂ ಒಂದೇ ಬಣ್ಣದವಾಗುವುದೆಂತು ಎಂದು ಪಾಶ್ಚಾತ್ಯ ವ್ಯಾಖ್ಯಾನಕಾರರು ಬಹಳ ಶ್ರಮಪಟ್ಟಿರುವರು. ಕನ್ನಡಿಗನಿಗೆ ಈ ಶ್ರಮವೇ ಬೇಡ. ಕಂದುಬಣ್ಣದ ದನವನ್ನು ನಾವು ಕೆಂಪಿಯೆಂದು ಕರೆಯುವೆವು, ಕೆಂಪಕ್ಕಿಯ ಅನ್ನವನ್ನು ಉಣ್ಣುವೆವು, ಬೆಳ್ಳಗಿನ ಮೈಯ ಹುಡುಗನನ್ನು ಕಂಡು ಎಷ್ಟು ಕೆಂಪಗಿದ್ದಾನೆಂದು ಮೆಚ್ಚುವೆವು. ನಮ್ಮ ಕೆಂಪಿನ ಹರವು ಹೀಬ್ರೂವಿನ ಆದೋಮ್ ಪದದ ಹರವಿಗೆ ಬಹುಮಟ್ಟಿಗೆ ಸಮಾನವಾಗಿದೆ.

ಎರಡನೆಯ ಮಾತು ‘ತೋಲಾಅತ್ ಶಾನಿ’ ಎಂಬುದು. ‘ತೋಲಾಅತ್’ ಎಂದರೆ ಹುಳು. ‘ಶಾನಿ’ ಎಂದರೆ ಆ ಹುಳುವಿನಿಂದ ತೆಗೆದ ಕಡುಗೆಂಪು. ಇದು ಮಣ್ಣಿನ ಅಥವಾ ಮೈಯ ಬಣ್ಣವಲ್ಲ. ಕೈಯಿಂದ ಮಾಡಿದ, ಬೆಲೆಗೆ ಕೊಳ್ಳುವ, ನೂಲಿಗೆ ಏರಿಸುವ ಬಣ್ಣ. ಓಕ್ ಜಾತಿಯ ಗಿಡಗಳಿಗೆ ಅಂಟಿಕೊಂಡು ಬದುಕುವ ಒಂದು ಕ್ಷುದ್ರಕೀಟದ ಹೆಣ್ಣುಗಳನ್ನು ಆರಿಸಿ, ಒಣಗಿಸಿ, ಪುಡಿಮಾಡಿ, ಪಟಿಕದ ನೀರಿನಲ್ಲಿ ಹದಗೊಳಿಸಿದ ಉಣ್ಣೆಗೆ ಅದರ ರಸವನ್ನು ಕಟ್ಟುತ್ತಿದ್ದರು. ನಮ್ಮ ಮುತ್ತುಗ, ಬೋರೆ ಮರಗಳ ಮೇಲೆ ಅರಗನ್ನು ಕಟ್ಟುವ ಹುಳು ಅದರ ದೂರದ ನಂಟ. ಅರಗಿನಿಂದಲೂ ಅದೇ ರೀತಿಯ ಕೆಂಪು ಬಣ್ಣವನ್ನು ನಮ್ಮ ಪೂರ್ವಿಕರು ತೆಗೆಯುತ್ತಿದ್ದರು.

ಈ ಕೀಟದ ಕೆಂಪು ಸತ್ಯವೇದದಲ್ಲಿ ಬರುವ ಎಡೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆಶ್ಚರ್ಯವಾಗುವುದು. ತಾಮಾರಳ ಅವಳಿಮಕ್ಕಳಲ್ಲಿ ಮೊದಲು ಕೈಚಾಚಿದ ಜೆರಹನ ಕೈಗೆ ಸೂಲಗಿತ್ತಿ ಕಟ್ಟಿದ ದಾರ ಅದು. ಯೆರಿಕೋವಿನ ಸೂಳೆಯಾದ ರಾಹಾಬಳು ತನ್ನ ಮನೆಯವರೆಲ್ಲರ ಪ್ರಾಣವನ್ನುಳಿಸಿಕೊಳ್ಳಲು ಕಿಟಕಿಗೆ ಕಟ್ಟಿದ ಹುರಿಯೂ ಅದೇ ಬಣ್ಣದ್ದು. ದೇವದರ್ಶನದ ಗುಡಾರದ ಪರದೆಗಳಲ್ಲಿ, ಮಹಾಯಾಜಕನ ವಸ್ತ್ರದಲ್ಲಿ, ಕುಷ್ಠರೋಗಿಯ ಶುದ್ಧೀಕರಣದಲ್ಲಿ, ಜ್ಞಾನೋಕ್ತಿಗಳ ಕೊನೆಯಲ್ಲಿ ಬರುವ ಗುಣವತಿಯಾದ ಗೃಹಿಣಿಯು ಚಳಿಗಾಲಕ್ಕೆಂದು ಮನೆಯವರಿಗೆ ತೊಡಿಸುವ ಬಟ್ಟೆಯಲ್ಲಿ, ಪರಮಗೀತದ ನಾಯಿಕೆಯ ತುಟಿಯ ಹೋಲಿಕೆಯಲ್ಲಿ ಅದೇ ಕೆಂಪು. ಕೊನೆಗೆ ಯೆಶಾಯನಲ್ಲಿ ಪಾಪದ ಬಣ್ಣವೂ ಅದೇ! ದೇವರ ಸನ್ನಿಧಿಯ ಪರದೆಗೂ ಮನುಷ್ಯನ ಅಪರಾಧಕ್ಕೂ ಒಂದೇ ಹಂಡೆಯ ಬಣ್ಣವನ್ನು ಹಚ್ಚಿದ ಈ ಗ್ರಂಥದ ಮರ್ಮವೇನು?

ಪ್ರಾಚೀನರು ಇದಕ್ಕೆ ಉತ್ತರವನ್ನು ಸಂಕೇತದಲ್ಲಿ ಹುಡುಕಿದರು. ಅಲೆಗ್ಸಾಂಡ್ರಿಯದ ಫೈಲೋ ಮತ್ತು ಜೋಸೆಫಸರು ಪರದೆಯ ನಾಲ್ಕು ಬಣ್ಣಗಳನ್ನು ನಾಲ್ಕು ಭೂತಗಳೆಂದು ಭಾವಿಸಿ ಕೆಂಪನ್ನು ಅಗ್ನಿಗೆ ಸಲ್ಲಿಸಿದರು. ಪಂಚಭೂತಗಳಿಗೆ ಬಣ್ಣಗಳನ್ನು ಹಂಚುವ ನಮ್ಮ ತಂತ್ರಶಾಸ್ತ್ರಗಳನ್ನು ಬಲ್ಲವರಿಗೆ ಇದು ಪರಿಚಿತವಾದ ಹಾದಿಯೆಂದು ತೋರೀತು. ಯೆಹೂದ್ಯರ ಮಿಷ್ನಾ ಗ್ರಂಥದ ‘ಯೋಮಾ’ ಭಾಗದಲ್ಲಿ, ಪ್ರಾಯಶ್ಚಿತ್ತದ ದಿನ ಕಾಡಿಗೆ ಅಟ್ಟುವ ಹೋತಕ್ಕೆ ಕೆಂಪು ಉಣ್ಣೆಯನ್ನು ಕಟ್ಟುವ ವಿಧಿಯೂ ಆ ಉಣ್ಣೆಯು ಬಿಳುಪಾಗುವ ಮಾತೂ ಬಂದಿರುವುವು. ಇಲ್ಲಿ ಯೆಶಾಯನ ಉಪಮೆಯು ಒಂದು ಆಚರಣೆಯಾಗಿಯೇ ಪರಿಣಮಿಸಿತು. ಕ್ರೈಸ್ತರಲ್ಲಿ ರೋಮಿನ ಕ್ಲೆಮೆಂಟನು ಮೊದಲನೆಯ ಶತಮಾನದ ಕೊನೆಯಲ್ಲಿಯೂ ಹುತಾತ್ಮನಾದ ಜಸ್ಟಿನನು ಎರಡನೆಯ ಶತಮಾನದಲ್ಲಿಯೂ ರಾಹಾಬಳ ದಾರವನ್ನು ಕ್ರಿಸ್ತನ ರಕ್ತದ ಮುನ್ಸೂಚನೆಯೆಂದು ಬೋಧಿಸಿದರು. ಕೆಂಪೆಂದರೆ ರಕ್ತವೆಂಬ ಸಮೀಕರಣವು ಬೇರುಬಿಟ್ಟುದು ಇಲ್ಲಿಂದ. ಹನ್ನೆರಡನೆಯ ಶತಮಾನದ ಅಂತ್ಯದಲ್ಲಿ, ಮುಂದೆ ಮೂರನೆಯ ಇನ್ನೊಸೆಂಟನೆಂಬ ಹೆಸರಿನಿಂದ ಪೋಪನಾದವನು ಪೂಜಾವಸ್ತ್ರಗಳ ಬಣ್ಣಗಳನ್ನು ವಿವರಿಸಿ, ಹುತಾತ್ಮರ ಹಬ್ಬಗಳಿಗೂ ಪಂಚಾಶತ್ತಮ ದಿನಕ್ಕೂ ಕೆಂಪನ್ನು ಹೇಳಿದನು. ಶುಭಶುಕ್ರವಾರದ ಕರಿಯ ವಸ್ತ್ರದ ಸ್ಥಾನದಲ್ಲಿ ಕೆಂಪು ಬಂದುದು ನಮ್ಮ ಕಾಲದ, ಎರಡನೆಯ ವ್ಯಾಟಿಕನ್ ಸಭೆಯ ಅನಂತರದ ಸುಧಾರಣೆ.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಚಾರವು ಜರ್ಮನಿಯ ವಿದ್ವಾಂಸರ ಕೈಗೆ ಬಂದಿತು. 1837ರಿಂದ 1839ರ ವರೆಗೆ ಬೇಯರನು ಮೋಶೆಯ ಆರಾಧನಾವಿಧಿಯ ಸಂಕೇತಗಳನ್ನು ಕುರಿತು ಪ್ರಕಟಿಸಿದ ದೊಡ್ಡ ಗ್ರಂಥವು ಗುಡಾರದ ಪ್ರತಿಯೊಂದು ಬಣ್ಣಕ್ಕೂ ಒಂದು ಗೂಢಾರ್ಥವನ್ನು ಕೊಟ್ಟಿತು. ಹೀಬ್ರೂ ಪಂಡಿತನಾದ ಫ್ರಾಂಜ್ ಡೆಲಿಟ್ಜ್‌ನು 1888ರಲ್ಲಿ ‘ಐರಿಸ್’ ಎಂಬ ಹೆಸರಿನಿಂದ ತನ್ನ ವರ್ಣಪ್ರಬಂಧಗಳನ್ನು ಹೊರತಂದನು. ಬರ್ಲಿನ್ ಮತ್ತು ಕೇ ಎಂಬಿಬ್ಬರು 1969ರಲ್ಲಿ, ಭಾಷೆಗಳಲ್ಲಿ ಕಪ್ಪುಬಿಳುಪುಗಳ ಅನಂತರ ಮೂರನೆಯದಾಗಿ ಹುಟ್ಟುವ ಬಣ್ಣದ ಹೆಸರು ಕೆಂಪಿನದೇ ಎಂಬ ಸಿದ್ಧಾಂತವನ್ನು ಮಂಡಿಸಿದ ಮೇಲೆ, ಅಥಲ್ಯಾ ಬ್ರೆನ್ನರ್ ಎಂಬ ವಿದುಷಿಯು 1982ರಲ್ಲಿ ಹಳೆಯ ಒಡಂಬಡಿಕೆಯ ಬಣ್ಣದ ಪದಗಳನ್ನೆಲ್ಲ ಆ ಬೆಳಕಿನಲ್ಲಿ ಪರಿಶೀಲಿಸಿದರು. ಸಂಕೇತವನ್ನು ಹೇಳುವ ಮೊದಲು ಪದವು ಯಾವ ವಸ್ತುವನ್ನು ಸೂಚಿಸುತ್ತಿದ್ದಿತೆಂಬುದನ್ನು ನಿರ್ಣಯಿಸಬೇಕೆಂಬ ಶಿಸ್ತು ಹೀಗೆ ಬಂದಿತು. ಬೇಯರನ ವೈಭವಕ್ಕಿಂತ ಈ ಶಿಸ್ತೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರಿದೆ.

ಕೊನೆಯ ಹೆಜ್ಜೆಯನ್ನಿಟ್ಟವರು ಬಣ್ಣದ ವಸ್ತುವನ್ನೇ ಕೈಗೆತ್ತಿಕೊಂಡ ಸಂಶೋಧಕರು. ಬಾರ್ ಇಲಾನ್ ವಿಶ್ವವಿದ್ಯಾಲಯದ ಜೊಹಾರ್ ಅಮಾರರು ಇಸ್ರಾಯೇಲಿನ ಓಕ್ ಗಿಡಗಳ ಮೇಲೆಯೇ ಈ ಹುಳುವನ್ನು ಹುಡುಕಿ ತೆಗೆದು ಅದರಿಂದ ಬಣ್ಣವನ್ನು ಮಾಡಿ ತೋರಿಸಿದರು. ಯೂದಾಯದ ಅಡವಿಯಲ್ಲಿ ತಲೆಬುರುಡೆಗಳ ಗವಿಯೆಂದು ಕರೆಯಲ್ಪಡುವ ಸ್ಥಳದಲ್ಲಿ ದೊರೆತ ಒಂದು ಪುಟ್ಟ ಉಣ್ಣೆಯ ಚೂರು ಇದೇ ಕುಲದ ಕೀಟದ ಬಣ್ಣವನ್ನು ಹೊತ್ತಿದೆಯೆಂದೂ ಅದಕ್ಕೆ ಸುಮಾರು 3800 ವರ್ಷಗಳ ವಯಸ್ಸಾಗಿದೆಯೆಂದೂ 2024ರಲ್ಲಿ ಪ್ರಕಟವಾಯಿತು. ಅಷ್ಟು ಕಾಲ ಕತ್ತಲಲ್ಲಿ ಬಿದ್ದಿದ್ದರೂ ಅದರ ಕೆಂಪು ಕೆಂಪಾಗಿಯೇ ಉಳಿದಿದೆ! ಯೆಶಾಯನ ಉಪಮೆಗೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ರಕ್ತದ ಕಲೆಯು ತೊಳೆದರೆ ಹೋಗುವುದು, ಹೋಗದಿದ್ದರೂ ಕಂದುವುದು. ಹುಳುವಿನ ಕೆಂಪು ನೂಲಿನ ಎಳೆಯೊಳಗೇ ಬೆರೆತುಹೋಗಿ ಬಣ್ಣವೂ ಉಣ್ಣೆಯೂ ಬೇರೆಯಾಗದ ಸ್ಥಿತಿಗೆ ಬರುವುದು. ಪಾಪವು ಹಾಗೆ ಮನುಷ್ಯನಲ್ಲಿ ಬೆರೆತುದೆಂದೂ, ಯಾವ ಅಗಸನಿಂದಲೂ ಆಗದ ಕೆಲಸವನ್ನು ದೇವರು ಮಾಡಬಲ್ಲನೆಂದೂ ಪ್ರವಾದಿಯ ಅಭಿಪ್ರಾಯ. ನಮ್ಮ ಕಡೆಯ ಕಂಬಳಿಯು ಹುಟ್ಟಿನಿಂದಲೇ ಕರಿದಾದುದರಿಂದ ಬಿಳಿಯ ಉಣ್ಣೆಯ ಮಾತು ನಮಗೆ ಒಡನೆ ತಟ್ಟದು. ಚೊಗರಿನಲ್ಲಿ ಅದ್ದಿದ ಪಂಚೆಯು ಮರಳಿ ಮಡಿಯಾಯಿತೆಂದರೆ ಮಲೆನಾಡಿನ ಯಾವ ಅಜ್ಜಿಗಾದರೂ ತಟ್ಟುವುದು.

ಇನ್ನು ಕನ್ನಡದ ಕತೆ. ಬಳ್ಳಾರಿಯಲ್ಲಿ ನೆಲಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದೀರ್ಘಪರಿಶ್ರಮದಿಂದ ಇಡೀ ಸತ್ಯವೇದವು 1831ರಲ್ಲಿ ಕನ್ನಡದಲ್ಲಿ ಬಂದಿತು. ಅದೇ ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ಮಿಷನ್ನಿನ ವೈಗಲ್ ಮತ್ತು ಮೋಗ್ಲಿಂಗರು ಅದರ ಪರಿಷ್ಕರಣಕ್ಕೆ ಕೈಹಾಕಿದರು. ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯಿಂದ ಕ್ರಿಸ್ತಚರಿತ್ರೆಯನ್ನು ನಮ್ಮ ಛಂದಸ್ಸಿಗೆ ತಂದು, 1894ರಲ್ಲಿ ತಮ್ಮ ಮಹಾಕೋಶವನ್ನು ಕೊಟ್ಟರು. ಈ ಪರಂಪರೆಯ ಅನುವಾದಕರು ಬಣ್ಣಗಳ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಸಮುದ್ರದ ಶಂಖದ ಹುಳುವಿನಿಂದ ತೆಗೆದ ರಾಜವರ್ಣಕ್ಕೆ ಅವರು ‘ಧೂಮ್ರ’ವೆಂದರು, ಅಮರಕೋಶವು ಕಪ್ಪುಕೆಂಪುಗಳ ಮಿಶ್ರವರ್ಣಕ್ಕೆ ಹೇಳಿದ ಹೆಸರೇ ಅದಾದುದರಿಂದ ಆ ಆಯ್ಕೆಯು ಪಾಂಡಿತ್ಯದ ಗುರುತು. ಆದರೆ ಕೀಟದ ಕೆಂಪಿನ ವಿಷಯದಲ್ಲಿ ಗುಡಾರದ ವರ್ಣನೆಯಲ್ಲಿ ‘ರಕ್ತವರ್ಣ’ವೆಂದೂ ಯೆಶಾಯನಲ್ಲಿ ‘ಕಿರಮಂಜಿ’ಯೆಂದೂ ಎರಡು ಹೆಸರುಗಳು ಬಂದುವು. ಹೀಗಾಗಿ ಪರದೆಯ ಬಣ್ಣವೂ ಪಾಪದ ಬಣ್ಣವೂ ಒಂದೇ ಎಂಬ, ಮೂಲದ ಅತ್ಯಂತ ಗಹನವಾದ ಸಂಬಂಧವು ಕನ್ನಡದ ಓದುಗನ ಕಣ್ಣಿಗೆ ಮರೆಯಾಯಿತು.

ಕಿರಮಂಜಿಯೆಂಬ ಮಾತಿನ ವಂಶಾವಳಿಯನ್ನು ಇಲ್ಲಿ ಹೇಳಲೇಬೇಕು. ಅರಬ್ಬರ ‘ಕಿರ್ಮಿಜ್’ ಅದರ ಮೂಲ. ಅದರ ಹಿಂದಿರುವುದು ಹುಳುವೆಂಬರ್ಥದ ಪಾರಸಿಯ ‘ಕಿರ್ಮ್’. ಸಂಸ್ಕೃತದ ‘ಕೃಮಿ’ಯು ಅದರ ಸೋದರ. ಲ್ಯಾಟಿನ್ ಭಾಷೆಗೆ ಸತ್ಯವೇದವನ್ನು ತಂದ ಜೆರೋಮನು ಯೆಶಾಯನ ಆ ಸ್ಥಳದಲ್ಲಿ ಹುಳುವನ್ನು ಬಿಡದೆ ಉಳಿಸಿಕೊಂಡಂತೆ, ನಮ್ಮ ಅನುವಾದಕರೂ, ತಿಳಿದೋ ತಿಳಿಯದೆಯೋ, ಉಳಿಸಿಕೊಂಡರು. ಇಪ್ಪತ್ತೆರಡನೆಯ ಕೀರ್ತನೆಯಲ್ಲಿ ಸಂಕಟಪಡುವ ಭಕ್ತನು ತಾನು ಮನುಷ್ಯನಲ್ಲ, ಹುಳುವೆಂದು ಕರೆದುಕೊಳ್ಳುವಲ್ಲಿಯೂ ಹೀಬ್ರೂವಿನಲ್ಲಿರುವುದು ಇದೇ ‘ತೋಲಾಅತ್’. ಆ ಕೀರ್ತನೆಯ ಮೊದಲ ಮಾತನ್ನೇ ಶಿಲುಬೆಯ ಮೇಲೆ ಉಚ್ಚರಿಸಿದ ಕ್ರಿಸ್ತನಿಗೆ, ಅದಕ್ಕೆ ಕೆಲವು ಗಳಿಗೆಗಳ ಮುಂಚೆ ಸಿಪಾಯಿಗಳು ಅಪಹಾಸ್ಯಕ್ಕಾಗಿ ಕಡುಗೆಂಪು ನಿಲುವಂಗಿಯನ್ನು ಹೊದಿಸಿದರೆಂದು ಮತ್ತಾಯನು ಬರೆದಿರುವನು. ಮಾರ್ಕ, ಯೋಹಾನರು ಅದನ್ನು ಧೂಮ್ರವೆಂದಿರುವರು. ದಂಡಿನವನ ಮಾಸಿದ ಕೆಂಪು ಹೊದಿಕೆಯು ರಾಜವಸ್ತ್ರದ ಸ್ಥಾನದಲ್ಲಿ ಬಳಕೆಯಾಯಿತೆಂದು ತಿಳಿದರೆ ಎರಡು ಹೇಳಿಕೆಗಳಿಗೂ ವಿರೋಧವಿಲ್ಲ. ಪ್ರಕಟನೆಯ ಪುಸ್ತಕದ ಕೆಂಪು ಮೃಗ, ಅದರ ಮೇಲೆ ಕುಳಿತ ಹೆಂಗಸಿನ ಉಡುಪು ಇವು ಅದೇ ದುಬಾರಿ ಬಣ್ಣದ ಮದವನ್ನು ತೋರಿಸುವುವು.

ಸತ್ಯವೇದದ ಕನ್ನಡ ಪಾಠವು ಇನ್ನೂ ಪರಿಷ್ಕಾರಗೊಳ್ಳುತ್ತಲೇ ಇದೆ. ಹಳೆಯ ಮಾತುಗಳು ತಿಳಿಯವೆಂಬ ಕಾರಣದಿಂದ ಅವುಗಳ ಸ್ಥಾನದಲ್ಲಿ ಬರಿಯ ‘ಕೆಂಪು’, ‘ಕಡುಗೆಂಪು’ಗಳು ಬರುತ್ತಿವೆ. ಈ ಕೆಲಸವನ್ನು ಹೊತ್ತಿರುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೇ: ಕಿರಮಂಜಿಯನ್ನು ಕೈಬಿಡದಿರಿ, ಯೆಶಾಯನಲ್ಲಿ ಅದು ಉಳಿಯಲಿ, ಗುಡಾರದ ಪರದೆಗೂ ಜೆರಹನ ಕೈಗೂ ರಾಹಾಬಳ ಕಿಟಕಿಗೂ ಅದೇ ಮಾತು ಬರಲಿ, ಅರ್ಥವಾಗದವರಿಗೆ ಅಡಿಟಿಪ್ಪಣಿಯಲ್ಲಿ ಅರಗಿನ ಹುಳುವಿನ ಹೆಸರನ್ನು ಬರೆಯಿರಿ.