ಮುಕ್ಕಾಲು ಪಾಲು ಬಿಟ್ಟು ಅರ್ಧಕ್ಕೆ ಒಪ್ಪಿದ್ದೇಕೆ? ಕೆನಡಾದ ಸಾರ್ವಜನಿಕ ವಸತಿಯಲ್ಲಿ ಹಣ ಮತ್ತು ಹಿಡಿತ

1867ರ ಕೆನಡಾ ಸಂವಿಧಾನ ವಸತಿಯನ್ನು ಯಾರ ಹೊಣೆಯೆಂದೂ ಹೆಸರಿಸುವುದಿಲ್ಲ. ಆಸ್ತಿ ಹಕ್ಕು, ಪುರಸಭೆಗಳು ಪ್ರಾಂತಗಳಿಗೆ. ಬ್ಯಾಂಕು, ಬಡ್ಡಿ ಒಕ್ಕೂಟ ಸರ್ಕಾರಕ್ಕೆ. 1935ರ ಡೊಮಿನಿಯನ್ ವಸತಿ ಕಾಯ್ದೆಯ ಮೂಲಕ ಒಟ್ಟಾವಾ ಸಾಲದ ಬಾಗಿಲಿನಿಂದ ಒಳಬಂತು ಎಂಬುದರಲ್ಲಿ ಭಿನ್ನಮತವಿಲ್ಲ. ಒಕ್ಕೂಟದ ನೀತಿ ಮೊದಲಿನಿಂದಲೂ ಮಾರುಕಟ್ಟೆಯ ಕಡೆಗೇ ವಾಲಿತ್ತು ಎಂದು ಜಾನ್ ಬೇಚರ್ 1993ರ ತಮ್ಮ ಕೃತಿಯಲ್ಲಿ ವಾದಿಸಿದ್ದಾರೆ. ಅದನ್ನು ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಒಟ್ಟಾವಾದಲ್ಲೇ ನಿಂತು ನೋಡಿದರೆ, ಪ್ರಾಂತಗಳು ಕೊಟ್ಟಷ್ಟು ಪಡೆದು ಸುಮ್ಮನಿದ್ದವು ಎನಿಸಿಬಿಡುತ್ತದೆ. 1964ರ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಒಕ್ಕೂಟದ ವಸತಿ ಕಾಯ್ದೆಗೆ 1949ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕಟ್ಟುವ ವೆಚ್ಚದಲ್ಲೂ ಬಾಡಿಗೆ ನಷ್ಟದಲ್ಲೂ ಒಕ್ಕೂಟದ ಪಾಲು ಶೇ. 75. ಮನೆಗಳು ಜಂಟಿ ಒಡೆತನದವು. ಉದಾರವಾದ ಈ ಏರ್ಪಾಡಿನಡಿ ಹದಿನೈದು ವರ್ಷ ಕಟ್ಟಿದ್ದು ತೀರ ಕಡಿಮೆ. 1964ರಲ್ಲಿ ಎರಡನೆಯ ದಾರಿ ತೆರೆಯಿತು: ವೆಚ್ಚದ ಶೇ. 90ರವರೆಗೆ ಒಕ್ಕೂಟದ ಸಾಲ, ನಷ್ಟದಲ್ಲಿ ಅರ್ಧ ಪಾಲು, ಒಡೆತನ ಪೂರ್ತಿ ಪ್ರಾಂತದ್ದು. ಅದೇ ವರ್ಷ ಒಂಟಾರಿಯೊ ತನ್ನ ವಸತಿ ನಿಗಮವನ್ನು ಸ್ಥಾಪಿಸಿ ಈ ದಾರಿ ಹಿಡಿಯಿತು; ಕಟ್ಟಡದ ವೇಗ ಒಮ್ಮೆಲೇ ಏರಿತು.

ಇಲ್ಲಿ ಗಮನಿಸಬೇಕಾದದ್ದು ನಷ್ಟದ ಹಂಚಿಕೆ. ಹಳೆಯ ದಾರಿಯಲ್ಲಿ ನೂರು ಡಾಲರ್ ನಷ್ಟವಾದರೆ ಒಂಟಾರಿಯೊ ಸರ್ಕಾರಕ್ಕೆ 17.50, ಪುರಸಭೆಗೆ 7.50. ಹೊಸ ದಾರಿಯಲ್ಲಿ ಪುರಸಭೆಯ ಪಾಲು ಅಷ್ಟೇ ಉಳಿದು ಪ್ರಾಂತದ್ದು 42.50ಕ್ಕೆ ಏರಿತು. ಒಟ್ಟಾವಾ ಕೈಬಿಟ್ಟ ಕಾಲು ಭಾಗವೆಲ್ಲ ಪ್ರಾಂತದ ಹೆಗಲಿಗೇ ಬಿತ್ತು. ಹಳೆಯ ದಾರಿಯನ್ನು ಮುಚ್ಚಿಯೂ ಇರಲಿಲ್ಲ. ನ್ಯೂಫೌಂಡ್‌ಲ್ಯಾಂಡಿನಂಥ ಬಡ ಪ್ರಾಂತ ಮುಂದೆಯೂ ಅದರಲ್ಲೇ ನಡೆಯಿತು. ಹಾಗಾದರೆ ಒಂಟಾರಿಯೊ ದುಬಾರಿ ದಾರಿಯನ್ನು ತಾನೇ ಆರಿಸಿಕೊಂಡಿತು. ಪ್ರಾಂತಗಳನ್ನು ಕಟ್ಟಲು ಹೊರಡಿಸಿದ್ದು ಅನುದಾನದ ಪ್ರಮಾಣಕ್ಕಿಂತ ಹೆಚ್ಚಾಗಿ, ಎಲ್ಲಿ ಕಟ್ಟಬೇಕು, ಯಾರಿಗೆ ಕೊಡಬೇಕು ಎಂದು ತಾವೇ ತೀರ್ಮಾನಿಸುವ ಅಧಿಕಾರ ಎಂದು ನನಗೆ ತೋರುತ್ತದೆ.

ಈ ಮಾತನ್ನು ಎಚ್ಚರದಿಂದಲೇ ಮುಂದಿಡುತ್ತಿದ್ದೇನೆ. ಹೊಸ ದಾರಿಯಲ್ಲಿ ಆರಂಭಕ್ಕೆ ಬೇಕಾದ ಬಂಡವಾಳ ಕಾಲು ಭಾಗದಿಂದ ಹತ್ತನೇ ಒಂದಕ್ಕೆ ಇಳಿದಿತ್ತು. ಇಂದಿನ ಉಳಿತಾಯ ಕಣ್ಣಿಗೆ ಕಾಣುತ್ತದೆ, ಐವತ್ತು ವರ್ಷದ ನಷ್ಟ ಕಾಣುವುದಿಲ್ಲ. ಖಜಾನೆಯ ಈ ತರ್ಕವೊಂದೇ ಒಂಟಾರಿಯೊದ ಆಯ್ಕೆಯನ್ನು ವಿವರಿಸಬಹುದು. ನಗರಗಳು ಬೆಳೆಯುತ್ತಿದ್ದ ಕಾಲವೂ ಅದು. ನ್ಯೂಫೌಂಡ್‌ಲ್ಯಾಂಡಿನ ನಡೆಯಂತೂ ನನ್ನ ವಾದದ ಮಿತಿಯನ್ನೇ ತೋರಿಸುತ್ತದೆ: ಅಧಿಕಾರಕ್ಕೆ ಬೆಲೆ ತೆರಬಲ್ಲವರಿಗೆ ಮಾತ್ರ ಅದು ಆಕರ್ಷಣೆ. ಆದರೂ ಬಂಡವಾಳದ ವಾದ ಒಂದನ್ನು ವಿವರಿಸದೆ ಬಿಡುತ್ತದೆ. ಸಾಲ ಪಡೆಯಲು ಪ್ರತ್ಯೇಕ ನಿಗಮವೇ ಬೇಕಿರಲಿಲ್ಲ. ಮನೆಗಳನ್ನು ತಾನೇ ಆಳಲು ಅದು ಬೇಕಿತ್ತು.

ಹೀಗೆ ಓದಿದರೆ 1993ರಲ್ಲಿ ಒಟ್ಟಾವಾ ಹೊಸ ಸಾಮಾಜಿಕ ವಸತಿಗೆ ಹಣ ನಿಲ್ಲಿಸಿದ್ದೂ, 1999ರ ಒಪ್ಪಂದದಲ್ಲಿ ಆಡಳಿತವನ್ನು ಒಂಟಾರಿಯೊಗೆ ವಹಿಸಿದ್ದೂ ಬೇರೆಯಾಗಿ ಕಾಣುತ್ತವೆ. ಹಿಡಿತ ಆಗಲೇ ಬಹುಪಾಲು ಪ್ರಾಂತದ ಕೈಯಲ್ಲಿತ್ತು; ಹೊಸದಾಗಿ ಬಂದದ್ದು ಹಳೆಯ ಕಟ್ಟಡಗಳ ದುರಸ್ತಿಯ ಭಾರ. 2000ದ ಕಾಯ್ದೆಯಿಂದ ಒಂಟಾರಿಯೊ ಅದನ್ನು ಪುರಸಭೆಗಳಿಗೆ ದಾಟಿಸಿತು. 1964ರಲ್ಲಿ 7.50ಕ್ಕಿಂತ ಹೆಚ್ಚು ಹೊರಿಸದೆ ಕಾಪಾಡಿದ ಸಂಸ್ಥೆಗಳ ಮೇಲೇ ಮೂವತ್ತಾರು ವರ್ಷಗಳ ನಂತರ ಪೂರ್ತಿ ಹೊರೆ ಹಾಕಿದ್ದೇಕೆ ಎಂಬುದಕ್ಕೆ ಅನುದಾನದ ಕೋಷ್ಟಕಗಳಲ್ಲಿ ಉತ್ತರ ಸಿಗದು. ಪ್ರಾಂತದ ಸಚಿವ ಸಂಪುಟದ ಕಡತಗಳಲ್ಲಿ ಹುಡುಕಬೇಕು.