ರಾಜ್ಯ ಅಳಿದರೂ ಅಳಿಯದ ಅಕ್ಷರ: ಚಾಮ್ ಜನರ ಕಥೆ

ಭೂಪಟವನ್ನು ತೆರೆದು ವಿಯೆಟ್ನಾಂ ದೇಶದ ದಕ್ಷಿಣ ಕರಾವಳಿಯಲ್ಲಿ ಫಾನ್ ರಾಂಗ್ ಎಂಬ ಪಟ್ಟಣವನ್ನು ಹುಡುಕಿ. ಈ ಹೆಸರಿನ ಮೂಲ ‘ಪಾಂಡುರಂಗ’ ಎಂದರೆ ನಿಮಗೆ ಅಚ್ಚರಿಯಾಗಬಹುದು. ಆ ಸುತ್ತಿನ ಚಾಮ್ ಜನರಲ್ಲಿ ಒಂದು ಪಂಗಡ ಹಳೆಯ ಗೋಪುರದ ಗುಡಿಗಳಲ್ಲಿ ಪೂಜೆ ಸಲ್ಲಿಸುತ್ತದೆ. ಇನ್ನೊಂದು ಪಂಗಡ ರಮಝಾನ್ ತಿಂಗಳನ್ನು ಆಚರಿಸುತ್ತದೆ. ಇಬ್ಬರ ಮಾತೂ ಒಂದೇ, ಲಿಪಿಯೂ ಒಂದೇ. ಇವರು ತಮ್ಮ ರಾಜ್ಯವನ್ನು ಕಳೆದುಕೊಂಡು ಇನ್ನೂರು ವರ್ಷಗಳಾಗುತ್ತಾ ಬಂದವು. ಆದರೂ ಇವರು ಚಾಮರಾಗಿಯೇ ಉಳಿದದ್ದು ಹೇಗೆ? ಈ ಪ್ರಶ್ನೆ ವಿದ್ಯೆಯನ್ನು ಪ್ರೀತಿಸುವ ನಮಗೆಲ್ಲರಿಗೂ ಸಂಬಂಧಿಸಿದ್ದು.

ಚಂಪಾ ರಾಜ್ಯ

ಇಂದಿನ ಮಧ್ಯ ಮತ್ತು ದಕ್ಷಿಣ ವಿಯೆಟ್ನಾಂನ ಕರಾವಳಿಯಲ್ಲಿ ಚಾಮರ ಚಂಪಾ ರಾಜ್ಯ ಶತಮಾನಗಳ ಕಾಲ ಬಾಳಿತು. ಚೀನಾ ಮತ್ತು ಭಾರತದ ನಡುವಿನ ಸಮುದ್ರಮಾರ್ಗದಲ್ಲಿದ್ದ ಅದರ ಬಂದರುಗಳು ಅಗರು ಮರದ ವ್ಯಾಪಾರಕ್ಕೆ ಹೆಸರಾಗಿದ್ದವು. ಮಿ ಸನ್ ಎಂಬಲ್ಲಿ ಅವರು ಕಟ್ಟಿದ ಇಟ್ಟಿಗೆಯ ಶಿವಾಲಯಗಳನ್ನು 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಾಮ್ ಭಾಷೆ ನೆರೆಯ ವಿಯೆಟ್ನಾಮಿ, ಖ್ಮೇರ್ ಭಾಷೆಗಳ ಕುಟುಂಬಕ್ಕೆ ಸೇರಿದ್ದಲ್ಲ. ಅದರ ಬಂಧುಗಳು ಕಡಲಾಚೆಯ ಮಲಯ ಮತ್ತು ಸುಮಾತ್ರಾದ ಅಚೆ ಭಾಷೆಗಳು. ಎರಡಕ್ಕೆ ‘ದುವಾ’, ಐದಕ್ಕೆ ‘ಲಿಮಾ’, ಕಣ್ಣಿಗೆ ‘ಮತಾ’ ಎಂಬ ಪದಗಳು ಚಾಮ್ ಮತ್ತು ಮಲಯ ಎರಡರಲ್ಲೂ ಇವೆ. ದೊಂಗ್ ಯೆನ್ ಚೌ ಎಂಬಲ್ಲಿ ಸಿಕ್ಕಿದ, ಸಾಮಾನ್ಯವಾಗಿ 4ನೇ ಶತಮಾನದ್ದೆಂದು ಹೇಳಲಾಗುವ ಚಾಮ್ ಶಾಸನವು ಈ ಇಡೀ ಭಾಷಾಕುಟುಂಬದಲ್ಲೇ ಅತ್ಯಂತ ಹಳೆಯ ಬರಹ. ನಮ್ಮ ಹಲ್ಮಿಡಿ ಶಾಸನದ ಕಾಲ 5ನೇ ಶತಮಾನ ಎಂಬುದನ್ನು ನೆನೆದರೆ ಅದರ ಪ್ರಾಚೀನತೆ ಅರ್ಥವಾಗುತ್ತದೆ.

ಲಿಪಿಯ ವಿಷಯದಲ್ಲಿ ಅವರೂ ನಾವೂ ದೂರದ ದಾಯಾದಿಗಳು. ಕನ್ನಡ ಲಿಪಿಯಂತೆ ಚಾಮ್ ಲಿಪಿಯೂ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬೆಳೆದು ಬಂದದ್ದು. ಬರಹಕ್ಕೆ ಅವರು ಹೇಳುವ ಪದ ‘ಅಖರ್’. ಅದು ನಮ್ಮ ‘ಅಕ್ಷರ’ವೇ.

ಇಸ್ಲಾಮಿನ ಆಗಮನ

ಮಲಯ ನಾಡಿನೊಂದಿಗಿನ ಒಡನಾಟದ ಮೂಲಕ ಇಸ್ಲಾಮ್ ಚಾಮರಲ್ಲಿ ಹರಡಿತು, 17ನೇ ಶತಮಾನದಲ್ಲಿ ಬಲಗೊಂಡಿತು. ಫಾನ್ ರಾಂಗ್ ಕಡೆಯ ಮುಸ್ಲಿಮರನ್ನು ‘ಬನಿ’ ಅಥವಾ ‘ಅವಲ್’ ಎನ್ನುತ್ತಾರೆ; ಹಿಂದೂ ಸಂಪ್ರದಾಯದವರನ್ನು ‘ಅಹಿಯರ್’ ಎನ್ನುತ್ತಾರೆ. ಅವ್ವಲ್, ಆಖಿರ್ ಎಂಬ ಅರಬಿ ಪದಗಳನ್ನು ನೀವು ಇಲ್ಲಿ ಗುರುತಿಸಬಹುದು. ಬನಿಗಳ ಧರ್ಮಗುರುವಿನ ಹೆಸರು ‘ಅಚಾರ್’, ಅಂದರೆ ಆಚಾರ್ಯ; ಅವರ ಮಸ್ಜಿದ್ ‘ಮಗಿಕ್’. ಅವರ ದೀರ್ಘ ಕಥನಕಾವ್ಯಗಳಿಗೆ ‘ಅಕಾಯೆತ್’ ಎನ್ನುತ್ತಾರೆ. ಅದು ‘ಹಿಕಾಯತ್’ ಎಂಬುದರ ರೂಪ. ಒಂದು ಭಾಷೆ ಎರಡು ಕಡಲುಗಳ ಪದಗಳನ್ನು ಹೀಗೆ ತನ್ನದಾಗಿಸಿಕೊಂಡಿತು.

ಕಳೆದುಕೊಂಡದ್ದು

1471ರಲ್ಲಿ ವಿಯೆಟ್ನಾಮಿ ದೊರೆ ಲೆ ಥಾನ್ ತೊಂಗ್ ಚಾಮರ ರಾಜಧಾನಿ ವಿಜಯವನ್ನು ವಶಪಡಿಸಿಕೊಂಡನು. ಅನೇಕರು ಕಾಂಬೋಡಿಯಾಕ್ಕೆ ವಲಸೆ ಹೋದರು. ದಕ್ಷಿಣದಲ್ಲಿ ಉಳಿದಿದ್ದ ಪಾಂಡುರಂಗವೂ 1832ರಲ್ಲಿ ಚಕ್ರವರ್ತಿ ಮಿನ್ ಮಾಂಗ್‌ನ ಕೈಸೇರಿತು.

ಅತಿ ಘೋರವಾದ ಪೆಟ್ಟು ಬಿದ್ದದ್ದು ಕಾಂಬೋಡಿಯಾದಲ್ಲಿ, 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಡಳಿತದಲ್ಲಿ. ಚಾಮ್ ಭಾಷೆ ಆಡುವುದನ್ನು ನಿಷೇಧಿಸಲಾಯಿತು. ಕುರ್‌ಆನ್ ಪ್ರತಿಗಳನ್ನು ಸುಡಲಾಯಿತು, ಮಸೀದಿಗಳನ್ನು ಕೆಡವಲಾಯಿತು, ಚಾಮ್ ಹಳ್ಳಿಗಳನ್ನು ಚದುರಿಸಲಾಯಿತು. ಕೋ ಫಾಲ್ ಎಂಬ ನದಿದ್ವೀಪದ ಜನ 1975ರಲ್ಲಿ ಎದುರು ನಿಂತರು. ಆ ಊರನ್ನು ನಾಶಮಾಡಿ, ‘ಫಲದ ದ್ವೀಪ’ ಎಂಬ ಅದರ ಹೆಸರನ್ನು ‘ಬೂದಿಯ ದ್ವೀಪ’ ಎಂದು ಬದಲಿಸಲಾಯಿತು. ಆ ವರ್ಷಗಳಲ್ಲಿ ಸುಮಾರು 90,000 ಚಾಮರು ಮಡಿದರೆಂದು ಇತಿಹಾಸಕಾರ ಬೆನ್ ಕೀರ್ನನ್ ಅಂದಾಜಿಸಿದ್ದಾರೆ. ಇದಕ್ಕಿಂತ ಹೆಚ್ಚೆನ್ನುವವರೂ ಇದ್ದಾರೆ. ವಿಶ್ವಸಂಸ್ಥೆಯ ನೆರವಿನ ನ್ಯಾಯಾಲಯವು 2018ರಲ್ಲಿ ಇದನ್ನು ನರಮೇಧವೆಂದು ಘೋಷಿಸಿ, ನಾಯಕ ನುವಾನ್ ಚಿಯಾನನ್ನು ಅಪರಾಧಿಯೆಂದು ತೀರ್ಪಿತ್ತಿತು.

ಗಮನಿಸಿ: ಒಂದು ಸಮುದಾಯವನ್ನು ಇಲ್ಲವಾಗಿಸಲು ಹೊರಟವರು ಅದರ ಗ್ರಂಥಗಳ ಜೊತೆಗೆ ಅದರ ಮಾತಿನ ಮೇಲೂ ಕೈಮಾಡಿದರು. ಭಾಷೆಯ ಬೆಲೆ ಶತ್ರುವಿಗೂ ತಿಳಿದಿತ್ತು.

ಉಳಿಸಿಕೊಂಡದ್ದು

1978ರಲ್ಲಿ ವಿಯೆಟ್ನಾಂನಲ್ಲಿ ಚಾಮ್ ಪಠ್ಯಪುಸ್ತಕಗಳ ರಚನೆಗೆ ಒಂದು ಸಮಿತಿ ನೇಮಕವಾಗಿ, ಪ್ರಾಥಮಿಕ ಶಾಲೆಗಳಲ್ಲಿ ಹಳೆಯ ಲಿಪಿಯ ಕಲಿಕೆ ನಡೆಯಿತು. 2008ರಲ್ಲಿ ಚಾಮ್ ಅಕ್ಷರಗಳು ಯೂನಿಕೋಡ್‌ಗೆ ಸೇರಿ ಕಂಪ್ಯೂಟರಿಗೆ ಬಂದವು. ಕಾಂಬೋಡಿಯಾದ ಬಹುತೇಕ ಚಾಮರು ಅರಬಿ ಅಕ್ಷರಗಳಲ್ಲಿ ತಮ್ಮ ಭಾಷೆಯನ್ನು ಬರೆಯುತ್ತಾರೆ. ಇಮಾಮ್ ಸಾನ್ ಪಂಗಡದವರು ಮಾತ್ರ ಅಲ್ಲಿ ಹಳೆಯ ಲಿಪಿಯ ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. 2019ರ ಜನಗಣತಿಯಂತೆ ವಿಯೆಟ್ನಾಂನಲ್ಲಿ ಚಾಮರ ಸಂಖ್ಯೆ 1,78,948. ಕಾಂಬೋಡಿಯಾದಲ್ಲಿ ಇದಕ್ಕಿಂತ ಹೆಚ್ಚು.

ಆದರೆ ಅಪಾಯ ದೂರವಾಗಿಲ್ಲ. ಉನ್ನತ ಶಿಕ್ಷಣ, ನೌಕರಿ ಎಲ್ಲವೂ ದೇಶಭಾಷೆಯಲ್ಲಿರುವಾಗ ಮನೆಮಾತು ತಾನಾಗಿಯೇ ಹಿಂದೆ ಸರಿಯುತ್ತದೆ. ಇದಕ್ಕೆ ಯಾವ ನಿಷೇಧವೂ ಬೇಕಿಲ್ಲ, ಕಲಿಸುವವರು ಇಲ್ಲವಾದರೆ ಸಾಕು.

ಸ್ನೇಹಿತರೇ, ಚಾಮರ ಕೋಟೆಗಳು ಬಿದ್ದವು. ಮಕ್ಕಳಿಗೆ ‘ಅಖರ್’ ಕಲಿಸಿದ ತಂದೆತಾಯಂದಿರೂ ಗುರುಗಳೂ ಆ ಜನರನ್ನು ಉಳಿಸಿದರು. ನಾವು ಪರೀಕ್ಷೆಗಾಗಿ ಹಲವು ಭಾಷೆಗಳನ್ನು ಕಲಿಯುತ್ತೇವೆ, ಕಲಿಯಲೇಬೇಕು. ಅದರ ಜೊತೆಗೆ ಇಂದು ಮನೆಗೆ ಹೋದಾಗ ಅಜ್ಜಿಯನ್ನು ಕೂರಿಸಿಕೊಂಡು, ಅವರ ಬಾಯಲ್ಲಿ ಮಾತ್ರ ಉಳಿದಿರುವ ಹತ್ತು ಪದಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ.